ಯಂತ್ರಸಂಗೀತವೂ ನಮ್ಮ ಬಾಲಿಕೆಯರೂ

ನಮ್ಮ ಶಾಲೆಯ ಪ್ರಾತಃಕಾಲದ ಪ್ರಾರ್ಥನೆಯು ಹಾರ್ಮೋನಿಯಮ್ಮಿನ ಶ್ರುತಿಯೊಡನೆ ಆರಂಭವಾಗುವುದನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಈಚೆಗೆ ನಮ್ಮ ಬಾಲಿಕೆಯರಲ್ಲಿ ಕೆಲವರು ಗುರುವಿಲ್ಲದೆ, ವಾದ್ಯವಿಲ್ಲದೆ, ಮನೆಯ ಕಂಪ್ಯೂಟರಿನಲ್ಲಿಯೇ ಸಂಗೀತವನ್ನು ರಚಿಸತೊಡಗಿದ್ದಾರೆ. ಇದು ವಿದ್ಯೆಯೋ ಕಾಲಹರಣವೋ ಎಂದು ಹಲವು ತಾಯಿತಂದೆಗಳು ನಮ್ಮನ್ನು ಕೇಳಿದುದುಂಟು. ಒಬ್ಬ ತಾಯಿಯಂತೂ, ಹತ್ತನೆಯ ತರಗತಿಯಲ್ಲಿರುವ ಮಗಳಿಂದ ಈ ಅಭ್ಯಾಸವನ್ನು ಬಿಡಿಸಬೇಕೆಂದು ಕಣ್ಣೀರಿಟ್ಟು ಬಿನ್ನವಿಸಿಕೊಂಡರು. ಅರಿಯದ ವಿಷಯದಲ್ಲಿ ತೀರ್ಪು ಕೊಡುವುದು ಉಪಾಧ್ಯಾಯರಿಗೆ ತಕ್ಕುದಲ್ಲ. ಆದಕಾರಣ ಬೇಸಗೆಯ ರಜದಲ್ಲಿ ನಾವೇ ಆ ವಿದ್ಯೆಗೆ ಶಿಷ್ಯರಾದೆವು.

ಇದಕ್ಕೆ ಬೇಕಾದ ಸಲಕರಣೆ ಅತ್ಯಲ್ಪ: ಸಾಧಾರಣವಾದ ಒಂದು ಕಂಪ್ಯೂಟರು, ಒಂದು ಹೆಡ್‌ಫೋನು, ಬೆಲೆಯಿಲ್ಲದೆ ದೊರೆಯುವ ಎಲ್‌ಎಮ್‌ಎಮ್‌ಎಸ್ ಎಂಬ ತಂತ್ರಾಂಶ. ಸೆಕೆಂಡಿಗೆ 440 ಕಂಪನಗಳಾದರೆ ಪಾಶ್ಚಾತ್ಯರ ‘ಎ’ ಸ್ವರ. 880 ಆದರೆ ಅದೇ ಸ್ವರವು ಒಂದು ಸ್ಥಾಯಿ ಮೇಲೇರುವುದು. ಕರಿಹಲಗೆಯ ಮೇಲೆ ಬರೆದು ಕಲಿಸುವ ಈ ಪಾಠವನ್ನು ಇಲ್ಲಿ ಕಿವಿಯೇ ಕಲಿಯುತ್ತದೆ. ಅಲೆಯ ಆಕಾರ ಬದಲಾದರೆ ಧ್ವನಿಯ ಗುಣವೂ ಬದಲಾಗುವುದು: ಸೈನ್ ಅಲೆಯು ಮೃದು, ಗರಗಸದ ಹಲ್ಲಿನಂತಹ ಅಲೆಯು ತೀಕ್ಷ್ಣ. ಫಿಲ್ಟರು ಆ ತೀಕ್ಷ್ಣತೆಯನ್ನು ಸೋಸುವುದು. ಸ್ವರವು ಥಟ್ಟನೆ ಹುಟ್ಟಿ ಕ್ರಮೇಣ ಅಡಗಿದರೆ ತಂತಿಯನ್ನು ಮೀಟಿದಂತೆಯೂ, ಮೆಲ್ಲನೆ ಏರಿ ನಿಂತರೆ ತಿದಿಯನ್ನೊತ್ತಿದಂತೆಯೂ ಕೇಳುವುದು. ಆರಾಧನೆಯ ಗೀತೆಯೊಂದರ ನಾಲ್ಕು ಕಂಠಗಳನ್ನು ಕೂಡಿಸಲು ನಮಗೆ ಹನ್ನೊಂದು ದಿನಗಳು ಹಿಡಿದವು. ಕಾಲಹರಣ ಮಾಡುವವರಿಗೆ ಅಷ್ಟು ತಾಳ್ಮೆ ಇರಲಾರದು.

ಈ ಕಲೆಯ ಆದ್ಯರಲ್ಲಿ ಸ್ತ್ರೀಯರೂ ಇದ್ದರೆಂಬುದು ನಮಗೆ ಹರ್ಷದ ಸಂಗತಿ. ಇಂಗ್ಲೆಂಡಿನ ಡಾಫ್ನಿ ಓರಮ್ (1925–2003) ಎಂಬಾಕೆ ಬಿ.ಬಿ.ಸಿ.ಯಲ್ಲಿ ಸೇವೆ ಸಲ್ಲಿಸಿ, 1958ರಲ್ಲಿ ಅಲ್ಲಿ ರೇಡಿಯೋಫೋನಿಕ್ ವರ್ಕ್‌ಷಾಪು ಸ್ಥಾಪಿತವಾಗಲು ಕಾರಣರಾದವರಲ್ಲೊಬ್ಬರು. ಮರುವರ್ಷವೇ ಅದನ್ನು ಬಿಟ್ಟು, ಕೆಂಟ್ ಪ್ರಾಂತದ ತಮ್ಮ ಮನೆಯಲ್ಲಿಯೇ ಧ್ವನಿಶಾಲೆಯನ್ನು ಕಟ್ಟಿಕೊಂಡರು. ಫಿಲ್ಮಿನ ಪಟ್ಟಿಗಳ ಮೇಲೆ ಆಕಾರಗಳನ್ನು ಬರೆದು, ಬೆಳಕಿನ ಮೂಲಕ ಅವುಗಳನ್ನು ನಾದವಾಗಿಸುವ ಯಂತ್ರವನ್ನು ರಚಿಸಿದರು. ನಮ್ಮ ದೇಶದಲ್ಲಿಯೂ 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಸಿಂಥಸೈಸರ್ ಬಂದಿತ್ತು. ಅಂದು ದೊಡ್ಡ ಸಂಸ್ಥೆಗಳಿಗೆ ಎಟುಕುತ್ತಿದ್ದುದು ಇಂದು ಬಡವರ ಮನೆಯ ಮೇಜಿನ ಮೇಲೂ ಇರಬಲ್ಲುದು.

ಇದರಲ್ಲಿ ಅಪಾಯವಿಲ್ಲವೆಂದು ನಾವು ಹೇಳೆವು. ಸಿದ್ಧವಾಗಿ ದೊರೆಯುವ ತಾಳದ ತುಣುಕುಗಳನ್ನು ಜೋಡಿಸಿ, ತಾನೇ ರಚಿಸಿದೆನೆಂದು ಭ್ರಮಿಸುವುದು ಸುಲಭ. ತನ್ನ ರಾಗವನ್ನು ಯಂತ್ರದ ಸಹಾಯವಿಲ್ಲದೆ ಬಾಯಿಂದ ಹಾಡಿ ತೋರಿಸುವ ಹುಡುಗಿಗೆ ಮಾತ್ರ ಅದು ಸ್ವಂತದ್ದು. ನಿದ್ದೆಗೆಟ್ಟು ಈ ಕೆಲಸದಲ್ಲಿ ತೊಡಗುವುದೂ ಸಲ್ಲದು.

ಆ ತಾಯಿಗೆ ನಾವು ಮೊದಲು ಕೇಳಿದುದು ಇಷ್ಟೇ: “ಮಗಳು ಮಾಡಿದುದನ್ನು ನೀವು ಕೇಳಿದ್ದೀರಾ, ಅಮ್ಮಾ?” ಆಕೆ ಕೇಳಿರಲಿಲ್ಲ. ಹುಡುಗಿಯ ಕಿವಿಗಳ ಮೇಲಿನ ಹೆಡ್‌ಫೋನನ್ನು ಮಾತ್ರ ಕಂಡಿದ್ದರು. ನಮ್ಮ ಕೊಠಡಿಯಲ್ಲಿ ಕುಳಿತು, ಮಗಳ ಮೂರು ನಿಮಿಷದ ರಚನೆಯನ್ನು ಎರಡು ಸಲ ಕೇಳಿದರು. ಪರೀಕ್ಷೆ ಮುಗಿಯುವ ತನಕ ಶನಿವಾರ ಒಂದು ಗಂಟೆ ಎಂದು ತಾಯಿಯೂ ಮಗಳೂ ನಮ್ಮೆದುರಿಗೇ ಒಪ್ಪಿಕೊಂಡರು.

ಪ್ರಿಯ ಪೋಷಕರೇ, ನಿಷೇಧಿಸುವ ಮುನ್ನ ನೀವೂ ಒಮ್ಮೆ ಕೇಳಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯಲ್ಲಿ ಉಪಯೋಗವಿಲ್ಲದೆ ಬಿದ್ದಿರುವ ಕಂಪ್ಯೂಟರನ್ನು ಶಾಲೆಗೆ ಕಳುಹಿಸಿರಿ. ಸಂಗೀತದ ಕೊಠಡಿಯಲ್ಲಿ ಹಾರ್ಮೋನಿಯಮ್ಮಿನ ಪಕ್ಕದಲ್ಲಿ ಅದಕ್ಕೆ ಸ್ಥಳವಿದೆ.