ಕೋಟಿ ಮಾರಿದ್ರೂ ದಿವಾಳಿ | ಲೆಕ್ಕ ಮತ್ತು ಹಾಡು, ಭಾಗ 4

ಹೋದ ವಾರ ನನ್ನ ರೂಮ್‌ಮೇಟ್ 11 ಪುಟದ ಅಗ್ರಿಮೆಂಟ್ ಹಿಡ್ಕೊಂಡು ಕುಣೀತಾ ಬಂದ. ಅವನ ಹಾಡಿಗೆ ಒಂದು ಆಡಿಯೋ ಕಂಪನಿಯಿಂದ 50,000 ರೂಪಾಯಿ ಅಡ್ವಾನ್ಸ್, 10% ರಾಯಲ್ಟಿ. "ಮಗಾ, ಪೆನ್ ಕೊಡೋ" ಅಂದ. ನಾನು ಕ್ಯಾಲ್ಕುಲೇಟರ್ ತಗೊಂಡೆ. ಬಿಕಾಂ ಬುದ್ಧಿ, ಏನ್ ಮಾಡೋದು!

6ನೇ ಪುಟದಲ್ಲಿ ಒಂದು ಸಾಲಿತ್ತು. ಅಡ್ವಾನ್ಸ್, ರೆಕಾರ್ಡಿಂಗ್, ವಿಡಿಯೋ ಖರ್ಚೆಲ್ಲ ಗಾಯಕರ ರಾಯಲ್ಟಿಯಿಂದ ವಸೂಲಿ.

ತಕ್ಷಣ ಟಿಎಲ್‌ಸಿ ನೆನಪಾಯ್ತು. ಅಮೆರಿಕದ ಅಟ್ಲಾಂಟಾದ ಮೂವರು ಹುಡುಗೀರ ತಂಡ. 1994ರಲ್ಲಿ ಬಂದ 'ಕ್ರೇಜಿಸೆಕ್ಸಿಕೂಲ್' ಆಲ್ಬಂ ಅಲ್ಲೇ 1 ಕೋಟಿ ಪ್ರತಿ ದಾಟ್ತು. ಆದ್ರೆ ಅದರ ಹಾಡುಗಳು ಎಲ್ಲಾ ಕಡೆ ಓಡ್ತಿದ್ದ 1995ರಲ್ಲೇ ಅವರು ದಿವಾಳಿ ಅರ್ಜಿ ಹಾಕಿದ್ರು. ಸಾಲ ಸುಮಾರು 35 ಲಕ್ಷ ಡಾಲರ್. 1996ರಲ್ಲಿ ಎರಡು ಗ್ರ್ಯಾಮಿ ಗೆದ್ದ ರಾತ್ರಿ, ಪತ್ರಕರ್ತರ ಮುಂದೆ ನಮ್ಮ ಕೈಯಲ್ಲಿ ದುಡ್ಡಿಲ್ಲ ಅಂತ ಹೇಳ್ಕೊಂಡ್ರು.

ಎಲ್ಲಾ ತಪ್ಪು ಕಂಪನಿದೇ ಅಂತಲ್ಲ. ಸುಟ್ಟುಹೋದ ಒಂದು ಮನೆಯ ಇನ್ಶೂರೆನ್ಸ್ ಬಾಕಿಯೂ ತಂಡದ ಲೆಫ್ಟ್ ಐ ತಲೆ ಮೇಲಿತ್ತು. ಆದ್ರೂ 1 ಕೋಟಿ ಮಾರಿದವರಿಗೆ ದುಡ್ಡು ಯಾಕೆ ಉಳೀಲಿಲ್ಲ?

ನಮ್ಮ ಅಗ್ರಿಮೆಂಟಿನ ಲೆಕ್ಕದಲ್ಲೇ ನೋಡಿ. ಕಂಪನಿ ಒಟ್ಟು 5 ಲಕ್ಷ ಖರ್ಚು ಮಾಡ್ತು ಅಂದ್ಕೊಳ್ಳಿ. ಹಾಡು 5 ಲಕ್ಷ ದುಡಿದ್ರೆ ಬಾಕಿ ತೀರ್ತು ಅಂತ ನಾವು ಅಂದ್ಕೋತೀವಿ. ಇಲ್ಲ! ಅದರ 10%, ಅಂದ್ರೆ 50 ಸಾವಿರ ಮಾತ್ರ ಗಾಯಕನ ಲೆಕ್ಕಕ್ಕೆ ಜಮಾ. ಇನ್ನೂ 4.5 ಲಕ್ಷ ಬಾಕಿ. ಪೂರ್ತಿ ತೀರೋಕೆ ಹಾಡು 50 ಲಕ್ಷ ದುಡೀಬೇಕು. ಅಲ್ಲೀವರೆಗೆ ಬಂದಿದ್ದೆಲ್ಲ ಕಂಪನಿಗೇ. ಅವನಿಗೆ ಅಡ್ವಾನ್ಸ್ ಬಿಟ್ರೆ ಒಂದು ರೂಪಾಯಿನೂ ಇಲ್ಲ.

ಇದನ್ನ ಹೇಳಿದ್ದಕ್ಕೆ "ನಿಂಗೆ ಹೊಟ್ಟೆಯುರಿ" ಅಂದ. ಎರಡು ದಿನ ಮಾತಿಲ್ಲ. ಅವನ ಸೆಮಿಸ್ಟರ್ ಫೀಸ್ ಬಾಕಿ ಇದೆ ಅಂತ ನಂಗೊತ್ತು, ಅದಕ್ಕೇ ನಾನೂ ಸುಮ್ನಿದ್ದೆ. ಮೂರನೇ ದಿನ ಅವನೇ ಬಂದು, "ಆ ಸಾಲು ಬದಲಾಯ್ಸೋಕೆ ಏನಂತ ಬರೀಬೇಕೋ?" ಅಂದ. ರಾತ್ರಿ ಕೂತು ಇಬ್ರೂ ಮೇಲ್ ಬರೆದ್ವಿ.

ಉತ್ತರ ಇನ್ನೂ ಬಂದಿಲ್ಲ. ಈ 50 ಸಾವಿರ ಕೈತಪ್ಪಿದ್ರೆ ನಾನೇ ಕಾರಣ ಅನ್ನೋ ಭಯ ಇದೆ. ಆದ್ರೂ ಪೆನ್ ಇನ್ನೂ ನನ್ನ ಹತ್ರಾನೇ ಇದೆ.

ನಿಮ್ಮಲ್ಲಿ ಹಾಡೋರು, ಬೀಟ್ ಮಾಡೋರು ಇದ್ರೆ ಟ್ಯಾಗ್ ಮಾಡಿ. ಸೈನ್ ಹಾಕೋ ಮುಂಚೆ ಒಂದೇ ಪ್ರಶ್ನೆ ಕೇಳಿ: ಖರ್ಚು ಕಳೆಯೋದು ಒಟ್ಟು ದುಡಿಮೆಯಿಂದಲಾ, ಬರೀ ನನ್ನ ಪಾಲಿನಿಂದಲಾ?

#ಲೆಕ್ಕಮತ್ತುಹಾಡು