ಮನೆಯ ಪಾಠವೋ, ಗುರುವಿನೆದುರಿನ ಪಾಠವೋ?

ಶಿವಮೊಗ್ಗೆಯಲ್ಲೊಂದು ಹೊಸಮನೆಯುಂಟು, ಭದ್ರಾವತಿಯಲ್ಲಿಯೂ ಒಂದುಂಟು. ನಾವಿರುವುದು ಮೊದಲನೆಯದರಲ್ಲಿ, ನಮ್ಮ ಬೀಗರಿರುವುದು ಎರಡನೆಯದರಲ್ಲಿ. ಪದವಿ ಮುಗಿಸಿದ ಮಕ್ಕಳುಳ್ಳ ಮನೆಗಳಲ್ಲಿ ಎರಡು ಕಡೆಯೂ ಈಗ ಕೇಳಿಬರುವ ಪ್ರಶ್ನೆಯೊಂದೇ: ಸಾಫ್ಟ್‌ವೇರ್ ವಿದ್ಯೆಯನ್ನು ಮನೆಯಲ್ಲಿಯೇ ಕುಳಿತು, ಬಿಡುವಾದಾಗ, ಕಂಪ್ಯೂಟರಿನಿಂದ ಕಲಿಯತಕ್ಕದ್ದೋ, ಬೆಂಗಳೂರಿಗೆ ಹೋಗಿ ಗುರುವಿನೆದುರಿನಲ್ಲಿ ಕಲಿಯತಕ್ಕದ್ದೋ? ನಮ್ಮ ಅಣ್ಣನ ಮಗಳ ವಿಷಯದಲ್ಲಿ ಈ ಪ್ರಶ್ನೆಯು ನಮ್ಮ ಮನೆಗೂ ಬಂದಿತು. ಶುಲ್ಕ, ವಸತಿ, ಊಟಗಳ ವೆಚ್ಚವನ್ನು ಅವಳ ಮದುವೆಗೆಂದು ಕೂಡಿಟ್ಟ ಹಣದಿಂದಲೇ ತೆಗೆಯಬೇಕಾಗಿದ್ದುದರಿಂದ ನಾವು ಅವಸರಪಡಲಿಲ್ಲ.

ಬೀಗರ ಮನೆಯವರು ತಲೆಮಾರುಗಳಿಂದ ಕಬ್ಬಿಣದ ಕೆಲಸದವರು. ಭದ್ರಾವತಿಯ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಾಲದಿಂದಲೂ ಅವರಿಗೆ ಕುಲುಮೆಯ ನಂಟು. “ಕುಲುಮೆಯ ಮುಂದೆ ನಿಲ್ಲದೆ ಕೆಲಸ ಬಂದೀತೇನಮ್ಮಾ?” ಎಂದು ಅಲ್ಲಿಯ ಹಿರಿಯರು ಅವಳನ್ನು ಕೇಳಿದರು. ಅವಳು, “ತಾತ, ಕಬ್ಬಿಣ ಕೆಟ್ಟರೆ ನಷ್ಟ, ನನ್ನ ಪ್ರೋಗ್ರಾಮು ನೂರು ಸಲ ಕೆಟ್ಟರೂ ಕಾಸು ಖರ್ಚಿಲ್ಲ. ತಪ್ಪಿದ್ದರೆ ಯಂತ್ರವೇ ಹೇಳುತ್ತದೆ” ಎಂದಳು. ಇಬ್ಬರ ಮಾತಿನಲ್ಲಿಯೂ ಹುರುಳುಂಟೆಂದು ನಮಗೆ ತೋರಿತು.

ಮನೆಯ ಪಾಠಕ್ಕೆ ಈಗ ಸಾಧನಗಳ ಕೊರತೆಯಿಲ್ಲ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನ ಪಾಠಗಳನ್ನು ಕೇಳಲು ಹಣವಿಲ್ಲ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ ಕೊಟ್ಟು, ನಿಗದಿಯಾದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲಿಯೂ ದೊರೆಯುತ್ತವೆ.

ಕೊರತೆಯಿರುವುದು ಮುಗಿಸುವ ಛಲಕ್ಕೆ. ಹಾರ್ವರ್ಡ್ ಮತ್ತು ಎಂಐಟಿಗಳ ಆನ್‌ಲೈನ್ ಪಾಠಗಳ ಲೆಕ್ಕವು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2017–18ರಲ್ಲಿ ಸೇರಿದವರಲ್ಲಿ ನೂರಕ್ಕೆ ಮೂವರು ಮಾತ್ರ ಮುಗಿಸಿದ್ದರು. ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿಯಾದರೋ ನೂರಕ್ಕೆ ನಲವತ್ತಾರು ಮಂದಿ. ಹಣವೇ ಬುದ್ಧಿಯನ್ನು ಕೊಡಲಾರದು. ಆದರೆ ಕೊನೆಮುಟ್ಟಿಸಬೇಕೆಂಬ ಸಂಕಲ್ಪವುಳ್ಳವರೇ ಹಣ ಕಟ್ಟುವರಷ್ಟೆ.

ನಮ್ಮ ಹುಡುಗಿಯು ಚೆನ್ನೈ ಗಣಿತ ಸಂಸ್ಥೆಯ ಪ್ರಾಧ್ಯಾಪಕರಾದ ಮಾಧವನ್ ಮುಕುಂದರ ಎಂಟು ವಾರಗಳ ಪೈಥಾನ್ ಪಾಠಕ್ಕೆ ಸೇರಿದಳು. ನಾಲ್ಕು ವಾರ ಉತ್ಸಾಹವೋ ಉತ್ಸಾಹ. ಐದನೆಯ ವಾರ ಪುಸ್ತಕ ಮುಚ್ಚಿತು. ಅದನ್ನು ಮತ್ತೆ ತೆರೆಯಿಸಿದವರು ಅದೇ ಪಾಠಕ್ಕೆ ಸೇರಿದ್ದ ಪಕ್ಕದ ಬೀದಿಯ ಇಬ್ಬರು ಹುಡುಗಿಯರು. ಪ್ರತಿ ಭಾನುವಾರ ಸಂಜೆ ಮೂವರೂ ನಮ್ಮ ನಡುಮನೆಯಲ್ಲಿ ಕೂಡಿ, ಪರೀಕ್ಷೆಯನ್ನೂ ಬರೆದು ಬಂದರು.

ಆಮೇಲೆ ಒಂದು ದಿನ ಪರಿಚಿತ ಇಂಜಿನಿಯರೊಬ್ಬರು ಅವಳ ಪ್ರೋಗ್ರಾಮನ್ನು ಓದಿದರು. ಅದು ಸರಿಯಾಗಿಯೇ ನಡೆಯುತ್ತಿತ್ತು. ಆದರೂ ಅವರು, “ಒಂದೇ ಕೆಲಸವನ್ನು ನಾಲ್ಕು ಕಡೆ ಏಕಮ್ಮಾ ಬರೆದಿದ್ದೀಯೆ? ನಾಳೆ ತಿದ್ದಬೇಕಾದರೆ ನಾಲ್ಕು ಕಡೆಯೂ ತಿದ್ದಬೇಕಲ್ಲವೆ?” ಎಂದರು. ಯಂತ್ರವು ಅವಳನ್ನು ಹಾಗೆ ಎಂದೂ ಕೇಳಿರಲಿಲ್ಲ. ತಪ್ಪಿದ್ದನ್ನು ಯಂತ್ರ ಹೇಳೀತು. ನಡೆದರೂ ಹದಗೆಟ್ಟಿರುವುದನ್ನು ಹೇಳಲು ಬಲ್ಲವರ ಕಣ್ಣೇ ಬೇಕು. ಕುಲುಮೆಯ ಹಿರಿಯರ ಮಾತು ಆಗ ನಮಗೆ ನೆನಪಾಯಿತು. ಅವಳನ್ನು ಮೂರು ತಿಂಗಳ ಮಟ್ಟಿಗೆ ಬೆಂಗಳೂರಿಗೆ ಕಳುಹಿಸಲು ಅಣ್ಣನೂ ಒಪ್ಪಿದನು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಅಕ್ಷರಾಭ್ಯಾಸವು ಮನೆಯಲ್ಲಿಯೇ ಆಗಲಿ; ಜೊತೆಗೆ ಒಬ್ಬಿಬ್ಬರು ಒಡನಾಡಿಗಳಿರಲಿ, ಒಂದು ಪರೀಕ್ಷೆಯ ದಿನವಿರಲಿ. ಅಷ್ಟನ್ನು ಮುಗಿಸದ ಮಗುವಿಗಾಗಿ ಸಾಲ ಮಾಡಿ ಶುಲ್ಕ ಕಟ್ಟುವುದು ತರವಲ್ಲ. ಮುಗಿಸಿದ ಮಗುವಿಗಾದರೋ ಗುರುವನ್ನು ಹುಡುಕಿ ಕೊಡಿ. ಆದರೆ ಹಣ ತೆರುವ ಮೊದಲು, “ನಮ್ಮ ಮಗು ಬರೆದುದನ್ನು ಓದಿ ತಿದ್ದುವವರು ಯಾರು? ಒಬ್ಬ ಉಪಾಧ್ಯಾಯರಿಗೆ ಎಷ್ಟು ಮಂದಿ ಶಿಷ್ಯರು?” ಎಂದು ಕೇಳಿರಿ. ಇದಕ್ಕೆ ಸರಿಯಾದ ಉತ್ತರ ಬಾರದಿದ್ದರೆ, ಅಲ್ಲಿ ದೊರೆಯುವ ಪಾಠವು ಮನೆಯಲ್ಲಿಯೇ ದೊರೆಯುತ್ತದೆಂದು ತಿಳಿದು ಹಿಂದಿರುಗಬಹುದು.