ನೆಹರು ನಗರದಲ್ಲೊಂದು ಪರೀಕ್ಷೆ

ಬೆಳಗಾವಿಯ ರಾಣಿ ಚೆನ್ನಮ್ಮ ವೃತ್ತವನ್ನು ದಾಟಿ, ಕೊಲ್ಹಾಪುರ ವೃತ್ತದಿಂದ ಹೆದ್ದಾರಿಯ ಕಡೆಗೆ ಸಾಗಿದರೆ ನೆಹರು ನಗರವು ಎದುರಾಗುತ್ತದೆ. ೧೯೬೩ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜೂ ಕೆ.ಎಲ್.ಇ. ಆಸ್ಪತ್ರೆಯೂ ಇರುವುದು ಇಲ್ಲಿಯೇ. ಬಿಳಿಯ ಅಂಗಿಯ ವಿದ್ಯಾರ್ಥಿಗಳು, ಹಣ್ಣಿನ ಚೀಲ ಹಿಡಿದ ಬಂಧುಗಳು, ಸಾಲುಸಾಲು ಔಷಧದ ಅಂಗಡಿಗಳು. ಈ ಬಡಾವಣೆಗೆ ಹೊರಗಿನವರು ಬರುವುದು ಬಹುಮಟ್ಟಿಗೆ ಪರೀಕ್ಷೆಗಾಗಿಯೇ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನಾವು ಹೋದದ್ದೂ ಅದಕ್ಕೇ. ಆದರೆ ನಮ್ಮ ರೋಗಿಯು ಮನುಷ್ಯನಲ್ಲ, ಗಣಕಯಂತ್ರದ ಒಂದು ಗ್ರಾಫಿಕ್ಸ್ ಕಾರ್ಡು!

ನನ್ನ ತಂಗಿಯ ಮಗನಿಗೆ ಗಣಕದ ಆಟಗಳೆಂದರೆ ಪ್ರಾಣ. ಎರಡು ವರ್ಷ ಮನೆಪಾಠ ಹೇಳಿ ಹಣ ಕೂಡಿಸಿದ್ದಾನೆ. ಪರದೇಶಕ್ಕೆ ಹೊರಟ ಅವನ ಗೆಳೆಯನೊಬ್ಬ ತನ್ನ ಕಾರ್ಡನ್ನು ಮಾರುವವನಿದ್ದ. "ನೀವೂ ಬರ್ರಿ ಮಾಮಾ, ಅವ್ವಗ ಧೈರ್ಯ ಆಗ್ತದ" ಎಂದು ಹುಡುಗ ಕರೆದ. ಹೊರಡುವಾಗ ತಂಗಿಯು ಮೆಲ್ಲಗೆ ಹೇಳಿದ್ದೇ ಬೇರೆ: "ಅಷ್ಟು ರೊಕ್ಕ ಆಟಕ್ಕ ಸುರೀಬ್ಯಾಡ ಅಂತ ನೀನ ಹೇಳಣ್ಣಾ."

ಅದು ಎನ್‌ವಿಡಿಯಾ ಸಂಸ್ಥೆಯು ೨೦೨೨ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ತಂದ ಆರ್‌ಟಿಎಕ್ಸ್ ೪೦೯೦. ಹೆಸರಿಗೆ ಕಾರ್ಡು, ಗಾತ್ರದಲ್ಲಿ ಇಟ್ಟಿಗೆಗೂ ಮಿಗಿಲು. ಅದರ ಒಂದು ಚಿಪ್ಪಿನಲ್ಲಿ ೭,೬೩೦ ಕೋಟಿ ಟ್ರಾನ್ಸಿಸ್ಟರುಗಳಿವೆ. ೨೪ ಗಿಗಾಬೈಟುಗಳ ಸ್ಮರಣಶಕ್ತಿ. ದುಡಿಯುವಾಗ ೪೫೦ ವಾಟ್ ವಿದ್ಯುತ್ತಿನ ಹಸಿವು.

ಹುಡುಗ ಮೊದಲು ವಿದ್ಯುತ್ತಿನ ಕೊಂಡಿಯನ್ನು ಬಿಚ್ಚಿ, ಬೆಳಕು ಹಿಡಿದು ನೋಡಿದ. ಕೊಂಡಿಯು ಪೂರ್ತಿಯಾಗಿ ಕೂರದಿದ್ದರೆ ಕಾದು ಕರಗುವುದುಂಟು. ಇಲ್ಲಿ ಕಲೆಯಿರಲಿಲ್ಲ. ಅನಂತರ ಅರ್ಧ ಗಂಟೆ ಆಟವನ್ನು ಓಡಿಸಿದ. ತಣ್ಣಗಿನ ಯಂತ್ರದ ಮಾತನ್ನು ನಂಬಬಾರದು. ಬಿಸಿಯೇರಿದ ಮೇಲೂ ವೇಗವು ನಿಲ್ಲಬೇಕು. ಮಳೆಯ ಚಳಿಯಲ್ಲಿಯೂ ಆ ಪುಟ್ಟ ಕೋಣೆಯು ಬೆಚ್ಚಗಾಯಿತು.

ಚಲನಚಿತ್ರಕ್ಕೆ ಸೆಕೆಂಡಿಗೆ ೨೪ ಚಿತ್ರಗಳು ಸಾಕು. ಆಟಕ್ಕೆ ೬೦ ಆದರೂ ಬೇಕೆಂಬುದು ಇವರ ಲೆಕ್ಕ. ಎಂದರೆ ಒಂದೊಂದಕ್ಕೆ ಸುಮಾರು ೧೭ ಮಿಲಿಸೆಕೆಂಡು. ಆದರೆ ಹುಡುಗ ಸರಾಸರಿಯನ್ನು ಲೆಕ್ಕಿಸದೆ, ಅತಿ ನಿಧಾನವಾಗಿ ಬಂದ ನೂರಕ್ಕೊಂದು ಚಿತ್ರವನ್ನೇ ಹುಡುಕಿ ಬರೆದುಕೊಂಡ. ಆಟಗಾರನಿಗೆ ಎಡವಿದಂತಾಗುವುದು ಅಲ್ಲಿಯೇ ಅಂತೆ. ವರ್ಷವೆಲ್ಲ ಸರಿಯಾಗಿ ಬಂದು ಮದುವೆಯ ದಿನ ತಪ್ಪಿಸಿಕೊಂಡ ಅಡಿಗೆಯವನನ್ನು ನಾವು ಮರೆಯುತ್ತೇವೆಯೇ?

ಗೆಳೆಯನ ಪರದೆಯಲ್ಲಿ ೮೩ ಲಕ್ಷ ಚುಕ್ಕೆಗಳು. ಅದರಲ್ಲಿ ಕಂಡ ಕಾಡಿನ ಎಲೆಯೆಲೆಯ ಹನಿಗೆ ನಾನೂ ಮಾರುಹೋದೆ. ಆಗ ಹುಡುಗ ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿ ತಂದಿದ್ದ ತನ್ನ ಹಳೆಯ ಪರದೆಯನ್ನು ಜೋಡಿಸಿದ. ಅದಕ್ಕಿರುವುದು ೨೧ ಲಕ್ಷ ಚುಕ್ಕೆ. ಸೆಕೆಂಡಿಗೆ ೬೦ಕ್ಕಿಂತ ಹೆಚ್ಚು ಚಿತ್ರಗಳನ್ನು ತೋರಿಸಲು ಅದಕ್ಕೆ ಬಾರದು. ಕಾರ್ಡಿನ ಪಂಖಗಳ ಸದ್ದು ಇಳಿಯಿತು. ಪಟ್ಟದಾನೆಗೆ ಹುಲ್ಲುಹೊರೆ ಹೊರಿಸಿದಂತೆ.

"ನನ್ನ ಹಳೇ ಕಾರ್ಡೂ ಇಷ್ಟು ಕೊಡ್ತದ ಮಾಮಾ" ಎಂದ ಹುಡುಗ, ಸ್ವರ ತಗ್ಗಿಸಿ. ಇದನ್ನು ಕೊಂಡರೆ ಹೊಸ ಪರದೆಯೂ ಬೇಕು, ಇಷ್ಟು ವಿದ್ಯುತ್ತನ್ನು ಒದಗಿಸಬಲ್ಲ ಪೆಟ್ಟಿಗೆಯೂ ಬೇಕು. ಚೀಟಿಯ ಹಿಂಬದಿಯಲ್ಲಿ ಕೂಡಿಸಿದ, ಮತ್ತೆ ಕೂಡಿಸಿದ. ತಂಗಿಯ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು; ನುಂಗಿಕೊಂಡೆ.

ಗೆಳೆಯನಲ್ಲಿ ಸೋಮವಾರದವರೆಗೆ ಅವಧಿ ಕೇಳಿ, ದಾರಿಯಲ್ಲಿ ಅರ್ಧ ಕಿಲೋ ಕುಂದಾ ಕಟ್ಟಿಸಿಕೊಂಡು ಮರಳಿದೆವು. ಬಾಗಿಲು ತೆರೆದ ತಂಗಿಯ ಕಣ್ಣು ಮೊದಲು ಹೋದದ್ದು ಮಗನ ಕೈಯ ಕಂಬಳಿಯ ಗಂಟಿನ ಮೇಲೆ.

"ತಂದೇಬಿಟ್ಟೇನೋ?"

"ಇದು ನಮ್ಮದ ಪರದೆ ಅವ್ವಾ" ಎಂದು ಅವನು ಒಳಗೆ ನಡೆದ.